ನಾನು ಅಡುಗೆಮನೆಯಲ್ಲಿದ್ದಾಗ ಹಾಡಿದ್ದು

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರ ಎದುರು ನಾನು ಮರ್ಯಾದೆಗೆ ತಲೆಯಾಡಿಸಿ ಒಳಗೊಳಗೇ ನಗುತ್ತಿದ್ದವಳು. ನಿದ್ದೆಗಣ್ಣೋ, ಖಾಲಿ ಹೊಟ್ಟೆಯೋ, ಜನ ತಿರುಗಿ ನೋಡಲಿ ಎಂಬ ಆಸೆಯೋ, ಏನಾದರೊಂದು ಕಾರಣ ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ಈಗ ನೀವು ನನ್ನ ಬಗ್ಗೆ ಹಾಗೆ ಅಂದುಕೊಂಡರೂ ನನಗೆ ಬೇಸರವಿಲ್ಲ.

ಕಾನ್ವೆಂಟಿನಲ್ಲಿ ಓದುವಾಗ ಪ್ರಾರ್ಥನೆಗೆ ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದೆ. ಮದುವೆಯಾಗಿ ಪುತ್ತೂರಿಗೆ ಬಂದ ಮೇಲೆ ಹಾಡು ಬಚ್ಚಲುಮನೆಯ ನೀರಿನ ಸದ್ದಿನೊಳಗೆ ಸೇರಿಹೋಯಿತು. ನನ್ನ ದನಿ ಒಮ್ಮೆ ಸರಿಯಾಗಿ ರೆಕಾರ್ಡ್ ಆಗಬೇಕು, ಅದನ್ನು ನಾನು ಕೂತು ಕೇಳಬೇಕು ಎಂಬ ಆಸೆ ಮಾತ್ರ ಉಳಿದಿತ್ತು.

ಶಾಲೆಯ ಗೆಳತಿ ಜುಬೈದಾಳ ಗಂಡ ರಫೀಕ್ ಗಲ್ಫಿನಲ್ಲಿ ಸೌಂಡ್ ಕೆಲಸ ಮಾಡಿ ಬಂದವನು. ಉಪ್ಪಿನಂಗಡಿಯ ಮನೆಯ ಮಲಗುವ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ತಾನೇ ರಾಗ ಹಾಕಿದ ಒಂದು ಪಾಪ್ ಹಾಡಿಗೆ ಹೆಣ್ಣುದನಿ ಹುಡುಕುತ್ತಿದ್ದಾಗ ಜುಬೈದಾ ನನ್ನ ಹೆಸರು ಹೇಳಿದಳು.

ನನ್ನವರು ಪೇಪರಿನಿಂದ ಕಣ್ಣೆತ್ತದೆ, "ಈ ಪ್ರಾಯದಲ್ಲಿ ಎಂತ, ಸಿನೆಮಾಕ್ಕೆ ಹೋಗ್ಲಿಕ್ಕುಂಟಾ? ಹೋಗುದಾದ್ರೆ ಸಾರು ಮಾಡಿಟ್ಟು ಹೋಗು" ಎಂದರು. ಸಾರು ಮಾಡಿಟ್ಟೇ ಹೋದೆ.

ಗೋಡೆಯಿಂದ ದನಿ ವಾಪಸು ಬರಬಾರದೆಂದು ಜುಬೈದಾಳ ಬಟ್ಟೆ ಕಪಾಟನ್ನು ತೆರೆದಿಟ್ಟು, ನೇತಾಡುವ ಚೂಡಿದಾರಗಳಿಗೆ ಬೆನ್ನು ಮಾಡಿ ನನ್ನನ್ನು ನಿಲ್ಲಿಸಿದರು. ಮೈಕಿನ ಮುಂದೆ ಕಸೂತಿಯ ರಿಂಗಿಗೆ ಬಿಗಿದ ಹಳೆಯ ಕಾಲುಚೀಲ, ಬಾಯಿಯ ಗಾಳಿ ತಡೆಯಲು. ಫ್ಯಾನ್ ಇಲ್ಲ, ಫ್ರಿಜ್ಜೂ ಬಂದ್. ಬಳೆ ಕಳಚಿಟ್ಟೆ. ಗಂಜಿ ಹಾಕಿದ ಸೀರೆ ಸರಸರ ಎನ್ನುತ್ತದೆಂದು ಜುಬೈದಾಳ ನೈಟಿ ಹಾಕಿಕೊಂಡೆ. ರಫೀಕ್ ಹೆಡ್‌ಫೋನ್ ಹಾಕಿ, ನನಗೆ ಬೆನ್ನು ಕೊಟ್ಟು ಕಂಪ್ಯೂಟರಿನ ಎದುರು ಕೂತಿದ್ದ.

"ಸಿಸ್ಟರ್ ಬೆತ್ತ ಹಿಡ್ಕೊಂಡು ನಿಂತಿಲ್ಲ ಮಾರಾಯ್ತಿ, ಬಾಯಿ ಬಿಟ್ಟು ಹಾಡು!" ಎಂದು ಜುಬೈದಾ ಬಾಗಿಲಿನಿಂದ ಇಣುಕಿ ಕೀಟಲೆ ಮಾಡಿದಳು. ಪಲ್ಲವಿಯ ಉದ್ದನೆಯ ಸಾಲಿನ ನಡುವೆ ನನಗೆ ಉಸಿರು ಸಾಲುತ್ತಿರಲಿಲ್ಲ. ಹಾಡಿ, ನಿಲ್ಲಿಸಿ, ಮತ್ತೆ ಹಾಡಿ, ಕೊನೆಗೊಂದು ರಫೀಕನಿಗೆ ಒಪ್ಪಿಗೆಯಾಯಿತು.

"ಇದು ಸಾಕು ಅಕ್ಕ. ಇನ್ನೊಮ್ಮೆ ಇದನ್ನೇ ಹಾಡಿದ್ರೆ ಒಂದರ ಮೇಲೊಂದು ಇಟ್ಟು ದನಿ ದಪ್ಪ ಮಾಡ್ಲಿಕ್ಕೆ ಆಗ್ತದೆ. ಎಲ್ಲ ಆದ ಮೇಲೆ ಒಟ್ಟಿಗೆ ಕೇಳುವ," ಎಂದ ರಫೀಕ್.

ಗಂಟಲು ಒಣಗಿತ್ತು. ಚಾ ಕುಡಿದು ಬರುತ್ತೇನೆಂದು ಹೇಳಿ ಅಡುಗೆಮನೆಗೆ ಹೋದೆ. ಜುಬೈದಾಳಿಗೆ ಆರಿಸಿಟ್ಟ ಫ್ರಿಜ್ಜಿನದೇ ಚಿಂತೆ. "ನಿನ್ನ ಹಾಡು ಮುಗಿಯುವಾಗ ನನ್ನ ಬಂಗುಡೆ ಕೆಟ್ಟುಹೋಗ್ತದೆ" ಎನ್ನುತ್ತಾ ನನ್ನೆದುರೇ ಕೂತು ಲೋಟ ಖಾಲಿ ಮಾಡಿದಳು.

ತಿರುಗಿ ಕೋಣೆಗೆ ಬಂದಾಗ ರಫೀಕ್ ಹೆಡ್‌ಫೋನ್ ಕಳಚಿ ನನ್ನನ್ನೇ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. "ಎಂತ ಹಾಡಿದ್ರಿ ಮಾರಾಯ್ರೆ ಈಗ!"

ನಾನು ಅಡುಗೆಮನೆಯಲ್ಲಿದ್ದೆ ಎಂದೆ. ಅವನು ನಕ್ಕು, ರೆಕಾರ್ಡ್ ಆದದ್ದನ್ನು ಸ್ಪೀಕರಿನಲ್ಲಿ ಹಾಕಿದ.

ದನಿ ನನ್ನದೇ. ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ ಮಾತುಗಳಲ್ಲಿ ಕೇಳಿ ಗೊತ್ತಿದ್ದ ಅದೇ ದನಿ. ಆದರೆ ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಉದ್ದನೆಯ ಸಾಲನ್ನು ಎಲ್ಲೂ ತಡೆಯದೆ ದಾಟಿತು. ಹಾಡು ಮುಗಿಯುವವರೆಗೂ ಒಂದೇ ಒಂದು ಉಸಿರಿನ ಸದ್ದಿಲ್ಲ.

"ಉಸಿರನ್ನು ಅಳಿಸಿದ್ದಾ?" ಎಂದು ಕೇಳಿದೆ.

"ಇಲ್ಲಕ್ಕ, ನಾನು ಕೈಯೇ ಹಾಕ್ಲಿಲ್ಲ," ಎಂದು ಅವನು ಪರದೆ ತೋರಿಸಿದ. ಹಾಡಿನ ಸಾಲುಗಳ ನಡುವೆ, ಉಸಿರಿನ ಗುರುತು ಇರಬೇಕಾದಲ್ಲಿ, ಬರೀ ನೇರ ಗೆರೆ.

"ಇವಳು ನನ್ನೊಟ್ಟಿಗೆ ಚಾ ಕುಡೀತಿದ್ದಳಲ್ಲ!" ಎಂದಳು ಬಾಗಿಲಲ್ಲಿ ನಿಂತಿದ್ದ ಜುಬೈದಾ. ಅವಳ ಮುಖ ಬಿಳಿಚಿಕೊಂಡಿತ್ತು.

ಮೊದಲು ಹಾಡಿದ್ದನ್ನೇ ಇಟ್ಟುಕೋ ಎಂದು ರಫೀಕನಲ್ಲಿ ಬೇಡಿಕೊಂಡೆ. ನಮ್ಮಿಬ್ಬರ ಮಾತನ್ನು ತಮಾಷೆ ಅಂದುಕೊಂಡು, ಎರಡೂ ನಿಮ್ಮದೇ ಅಲ್ವಾ ಎಂದ. ಎರಡನೆಯದನ್ನು ಮಾತ್ರ ಇಟ್ಟು ಹಾಡನ್ನು ಹೊರಗೆ ಬಿಟ್ಟ. ಅದು ಫೋನಿನಿಂದ ಫೋನಿಗೆ ಕಡಬ, ಸುಳ್ಯದವರೆಗೆ ಹೋಯಿತು. ಮದುವೆ ಹಾಲ್‌ಗಳಲ್ಲಿ ಕೇಳಿಸಿತು. ಅಷ್ಟಾಗುವಾಗ ಜುಬೈದಾಳ ಮಾತೂ ಬದಲಾಯಿತು. "ನಡುವೆ ಒಮ್ಮೆ ಎದ್ದು ಹೋಗಿರ್ತೀಯ, ನನಗೆ ನೆನಪಿಲ್ಲ. ಹೆಸರು ಬಂತಲ್ಲ, ಇನ್ನೆಂತ ಬೇಕು ನಿನಗೆ?" ಕಣ್ಣಾರೆ ಕಂಡವಳು ಅವಳೊಬ್ಬಳೇ. ಅವಳೇ ಹೀಗೆಂದ ಮೇಲೆ ಬೇರೆಯವರಲ್ಲಿ ಹೇಳಿ ಏನು ಪ್ರಯೋಜನ?

ನನ್ನವರು ಈಗ ಬಂದವರಿಗೆಲ್ಲ ಆ ಹಾಡು ಕೇಳಿಸುತ್ತಾರೆ. ನಾದಿನಿಯ ಮನೆಯ ಪೂಜೆಗೆ ಹೋದಾಗ ಎಲ್ಲರೆದುರು ನನ್ನಿಂದಲೂ ಹಾಡಿಸಿದರು. ಮನಸ್ಸಿಟ್ಟು ಹಾಡಿದೆ. ಉದ್ದನೆಯ ಸಾಲಿನಲ್ಲಿ ಉಸಿರೆಳೆದುಕೊಂಡೆ. "ಅದರ ಹಾಗೆ ಆಗ್ಲಿಲ್ಲ ಮಾರಾಯ್ತಿ. ಆ ದಿನ ಎಂತ ತಿಂದು ಹೋಗಿದ್ದಿ?" ಎಂದರು ನನ್ನವರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಾನು ಹಾಡಿಲ್ಲ, ಬಚ್ಚಲುಮನೆಯಲ್ಲಿ ಕೂಡ.

ಕೊನೆಗೊಮ್ಮೆ ರಫೀಕನಿಗೆ ಫೋನ್ ಮಾಡಿ, ಮೊದಲು ಹಾಡಿದ್ದನ್ನಾದರೂ ಕಳಿಸು, ನಾನೊಬ್ಬಳೇ ಕೇಳುತ್ತೇನೆ ಎಂದೆ.

"ಅದಾ ಅಕ್ಕ? ಅದು ಅಷ್ಟು ಒಳ್ಳೇದಿರ್ಲಿಲ್ಲಲ್ಲ. ಜಾಗ ಇಲ್ಲ ಅಂತ ಆಗಲೇ ತೆಗೆದುಬಿಟ್ಟೆ."

ಆ ಮಧ್ಯಾಹ್ನ ಹಾಡಿದ್ದು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಅಷ್ಟೊಂದು ಸಲ ಹಾಡಿದ ನಾನು ಹೇಗೆ ಹಾಡಿದ್ದೆ ಎಂಬುದೂ ತಿಳಿಯದೇ ಹೋಯಿತು.