‘ಮಳೆಬೀಗ’ದ ಆ ಆರು ಪುಟ

ಇಲ್ಲ... ನಂಬಲಿಕ್ಕೆ ಆಗುತ್ತಿಲ್ಲ.
ಚೆಲುವಯ್ಯ ಹೋಗಿಬಿಟ್ಟನಂತೆ.

ಸರಗೂರಿನ ಟೈಲರ್ ಚೆಲುವಯ್ಯ. ‘ಮಳೆಬೀಗ’ ಬರೆದವನು.
ಹೈಸ್ಕೂಲಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಚಾಪೆಯವನು.
ಬೆಳಿಗ್ಗೆ ಹತ್ತಕ್ಕೆ ಅವನ ಮಗಳ ಫೋನು... "ಮಾವ, ಅಪ್ಪ ಒಂಟೋದ್ರು" ಎಂದಳು.

ಸುದ್ದಿಯನ್ನು ‘ಮಳೆಬೀಗ ಬಳಗ’ ಗ್ರೂಪಿಗೆ ಹಾಕಿದೆ.
ನಾಲ್ಕು ಜನ ಕೈಮುಗಿದ ಚಿತ್ರ ಹಾಕಿದರು.
ಐದನೆಯವರು ಕೇಳಿದರು... "ಸಾರ್, ಕೊನೇ ಭಾಗದ ಹಸ್ತಪ್ರತಿ ಅವರ ಮನೇಲಿ ಇರಬಹುದಾ? ಯಾರಾದ್ರೂ ಸ್ಕ್ಯಾನ್ ಮಾಡ್ತೀರಾ?"
ಹೆಣ ಇನ್ನೂ ಪಡಸಾಲೆಯಲ್ಲಿದೆ ಸ್ವಾಮಿ.

ಗ್ರೂಪಿನ ಹೊರಗಿರುವವರಿಗೆ ಸ್ವಲ್ಪ ಹೇಳಬೇಕು.
ಎಪ್ಪತ್ತರ ದಶಕದ ಶುರುವಿನಲ್ಲಿ ಚೆಲುವಯ್ಯ ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದ.
ತಿಂಗಳಿಗೊಂದು ನೋಟ್‌ಬುಕ್ಕು. ಒಂದೇ ಪ್ರತಿ.
ಅದರ ತುಂಬ ಅವನೇ ಕಟ್ಟಿದ ಪುರಾಣ... ಆಕಾಶಕ್ಕೊಂದು ಬೀಗ, ಅದನ್ನು ಕಾಯುವ ಮೂವರು ಅಕ್ಕತಂಗಿಯರು, ಬೀಗದ ಕೈ ನುಂಗಿ ಕಲ್ಲಾದ ಕಿರಿಯವಳು ನೀಲವ್ವ.
ಅಂಗಡಿಯಲ್ಲಿ ಕೆಲಸ ಹೆಚ್ಚಿದ್ದಾಗ ಅವನು ಮಿಷನ್ ತುಳಿಯುತ್ತಲೇ ಕಥೆ ಹೇಳುತ್ತಿದ್ದ, ಅಳತೆ ಕೊಡಲು ಬಂದ ಗಿರಾಕಿಗಳು ಬರೆದುಕೊಳ್ಳುತ್ತಿದ್ದರು. ಒಂದೊಂದು ನೋಟ್‌ಬುಕ್ಕಿನಲ್ಲಿ ಮೂರು ನಾಲ್ಕು ಜನರ ಅಕ್ಷರ.

ಅದು ಬಸ್ ಕಂಡಕ್ಟರುಗಳ ಕೈಯಲ್ಲಿ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಸುತ್ತಿ ತಿಂಗಳಿಗೆ ವಾಪಸು ಬರುತ್ತಿತ್ತು.
ಬೇಕಾದವರು ನಕಲು ಮಾಡಿಟ್ಟುಕೊಳ್ಳುತ್ತಿದ್ದರು.
ಕೊನೆಯ ಎಂಟು ಹಾಳೆ ಖಾಲಿ... ಓದಿದವರು ಅಭಿಪ್ರಾಯ ಬರೆಯಲಿಕ್ಕೆ.
ಹೆಸರು ಮಾತ್ರ ಹಾಕಬಾರದು. ಹೆಸರಿದ್ದರೆ ಜನ ಮುಲಾಜಿಗೆ ಹೊಗಳುತ್ತಾರೆಂದು ಅವನೇ ಮಾಡಿದ್ದ ರೂಲು.

ಹನ್ನೊಂದು ನೋಟ್‌ಬುಕ್ಕಿಗೆ ನಿಂತುಹೋಯಿತು. ಪುರಾಣ ಮುಗಿಯಲೇ ಇಲ್ಲ.

ಉಳಿದದ್ದು ಎರಡು ನಕಲು.
ಪಿರಿಯಾಪಟ್ಟಣದ್ದರಲ್ಲಿ ನೀಲವ್ವ ಕಲ್ಲಾಗಿಯೇ ಇದ್ದಾಳೆ.
ಕೆ.ಆರ್. ನಗರದ್ದರಲ್ಲಿ ಕಲ್ಲು ಒಡೆದು ಎದ್ದು ಬಂದು ಅಕ್ಕಂದಿರನ್ನು ಸುಡುತ್ತಾಳೆ.
ಈಚೆಗೆ ಯಾರೋ ಎರಡನ್ನೂ ಪಿಡಿಎಫ್ ಮಾಡಿದರು... ಪಂಡಿತರು ಹುಟ್ಟಿಕೊಂಡರು.

ಒಬ್ಬರು ಇವು ಎರಡು ಟೈಮ್‌ಲೈನ್ ಎಂದರು.
ಇನ್ನೊಬ್ಬರು ಕಲ್ಲೆಂದರೆ ಸಮಾಧಿ, ಬೆಂಕಿಯೆಂದರೆ ಜ್ಞಾನ ಎಂದು ಹದಿನಾಲ್ಕು ಕಂತು ಕುಯ್ದರು.
ಪಿರಿಯಾಪಟ್ಟಣದ ನಕಲಿನಲ್ಲಿ ಎರಡು ಪುಟ ಇಲ್ಲ. ಅದಕ್ಕೆ ‘ಮೌನದ ಅಧ್ಯಾಯ’ ಎಂದು ಹೆಸರಿಟ್ಟು ವಿಡಿಯೋ ಬೇರೆ.
ನಕಲು ಮಾಡಿದ ಮೇಷ್ಟ್ರು ಬೋಂಡ ತಿನ್ನುತ್ತ ಬರೆಯುತ್ತಿದ್ದರು. ಎಣ್ಣೆ ಹತ್ತಿ ಹಾಳೆ ಅಂಟಿಕೊಂಡಿತು, ಅವರು ಒಟ್ಟಿಗೆ ಮಗುಚಿದರು.
ಇಷ್ಟೇ ನಿಮ್ಮ ಮೌನ.

ಮೂರು ವರ್ಷ ಕಿತ್ತಾಡಿದಿರಿ.
ಬರೆದವನು ಸರಗೂರಿನಲ್ಲಿ ಗಟ್ಟಿಮುಟ್ಟಾಗಿದ್ದ... ಒಬ್ಬರಾದರೂ ಬಸ್ ಹತ್ತಿ ಹೋಗಿ ಕೇಳಿದಿರಾ?
"ಲೇಖಕರು ಏನು ಹೇಳ್ತಾರೆ ಅನ್ನೋದು ಮುಖ್ಯ ಅಲ್ಲ ಸಾರ್" ಎಂದು ಅಡ್ಮಿನ್ ನನಗೇ ಪಾಠ ಮಾಡಿದ.
ಅವನ ತಲೆ.

ಚೆಲುವಾ...
ನಿನಗೆ ಈ ಥಿಯರಿಗಳನ್ನು ಓದಿ ಹೇಳಿದಾಗಲೆಲ್ಲ ನೀನು ಕಾಜ ಹೊಲಿಯುತ್ತ ನಗುತ್ತಿದ್ದೆ.
"ಬುಡ್ಲಾ, ಅವ್ರಾದ್ರೂ ಓದ್ತಾವ್ರಲ್ಲ" ಅಂತಿದ್ದೆ.
ಅವರನ್ನು ಇಷ್ಟು ಬೈದ ನಾನೇನೂ ಸಾಚಾ ಅಲ್ಲ ಕಣೋ.
ಇವತ್ತು ಎಲ್ಲರೆದುರಿಗೆ ಹೇಳುತ್ತೇನೆ... ನೀಲವ್ವ ಕಲ್ಲು ಒಡೆದು ಬರುವ ಅಧ್ಯಾಯ ನಿನ್ನದಲ್ಲ.
ನನ್ನದು.

ಆಗ ನಾನು ಹುಣಸೂರಿನಲ್ಲಿ ಮರದ ಡಿಪೋ ಗುಮಾಸ್ತ.
ನಿನ್ನ ಕಥೆಗೆ ನಾಲ್ಕು ತಾಲ್ಲೂಕು ಕಾಯುವುದು ನೋಡಿ ಹೊಟ್ಟೆ ಉರಿಯುತ್ತಿತ್ತು.
ಹತ್ತನೆಯ ನೋಟ್‌ಬುಕ್ಕಿನ ಅಭಿಪ್ರಾಯದ ಹಾಳೆಯಲ್ಲಿ, ಕಥೆ ಹೀಗೆ ಹೋಗಬೇಕಿತ್ತು ಎಂದು ತೋರಿಸಲು ಆರು ಪುಟ ಗೀಚಿದೆ.
ನಿನಗೆ ಗುರುತು ಸಿಗಬಾರದೆಂದು ಅಕ್ಷರ ಬಾಗಿಸಿ ಬರೆದೆ.
ಪಿರಿಯಾಪಟ್ಟಣದ ಮೇಷ್ಟ್ರು ಅಭಿಪ್ರಾಯದ ಹಾಳೆಗಳನ್ನು ನಕಲು ಮಾಡಲಿಲ್ಲ. ಕೆ.ಆರ್. ನಗರದವರು ಇದೂ ನೀನು ಹೇಳಿ ಯಾರೋ ಗಿರಾಕಿ ಬರೆದುಕೊಂಡ ಕಥೆಯೇ ಎಂದುಕೊಂಡು ಸೇರಿಸಿ ಇಳಿಸಿಕೊಂಡರು.

ಹನ್ನೊಂದನೆಯದು ತಿರುಗಿ ಬಂದ ವಾರ ನಾನು ಸರಗೂರಿಗೆ ಬಂದಿದ್ದೆ.
ಅಭಿಪ್ರಾಯದ ಹಾಳೆಗಳ ತುಂಬ ಆ ಆರು ಪುಟದ್ದೇ ಹೊಗಳಿಕೆ. ನೀನು ಅದನ್ನು ನನ್ನ ಮುಂದೆ ಹಿಡಿದೆ.
"ಆ ಆರು ಪುಟ ನಾ ಬರ್ದಿದ್ದಲ್ಲ ಕಣ್ಲಾ. ಎಲ್ರೂವೆ ಅದ್ನೇ ಚೆಂದಾಗದೆ ಅಂತಾವ್ರೆ. ಇನ್ನ ನಂದ್ಯಾಕ್ಲಾ ಬೇಕು?"

ನಾನು ಬಾಯಿ ಬಿಡಲಿಲ್ಲ.
ಯಾಕೆಂದರೆ... ಆ ಹೊಗಳಿಕೆ ಓದಿ ಒಳಗೊಳಗೇ ಖುಷಿಯಾಗಿತ್ತು ನನಗೆ.
ಅಲ್ಲಿಗೆ ನೀನು ಬರೆಯುವುದು ಬಿಟ್ಟೆ. ನೋಟ್‌ಬುಕ್ಕುಗಳ ಹಾಳೆ ಹರಿದು ಅಂಗಿಯ ಅಳತೆ ಬರೆದುಕೊಂಡು ಮುಗಿಸಿದೆ.

ಹಸ್ತಪ್ರತಿ ಕೇಳಿದವರೇ, ತಿಳಿಯಿತಾ?
ಇಷ್ಟೇ ನಿಮ್ಮ ‘ಅಪೂರ್ಣತೆಯ ರಹಸ್ಯ’. ಅನಂತವೂ ಇಲ್ಲ, ಶೂನ್ಯವೂ ಇಲ್ಲ. ಒಬ್ಬ ಹೇಡಿ ಗುಮಾಸ್ತ ಬಾಯಿ ಮುಚ್ಚಿಕೊಂಡು ಕೂತಿದ್ದ.
ನೀವು ಪೂಜೆ ಮಾಡುತ್ತಿರುವುದು ಅವನ ಹೊಟ್ಟೆಕಿಚ್ಚನ್ನು.

ಹೋದ ತಿಂಗಳು ಚೆಲುವಯ್ಯನನ್ನು ನೋಡಲು ಹೋಗಿದ್ದೆ. ಮಂಚದ ಮೇಲೆ ಒರಗಿಕೊಂಡಿದ್ದ.
"ಆ ಆರು ಪುಟ ಬರ್ದೋನು ಬದುಕವ್ನೋ ಇಲ್ವೋ... ಸಿಕ್ಕುದ್ರೆ ಒಂದ್ ಮಾತು ಕೇಳ್ಬೇಕಿತ್ತು ಕಣ್ಲಾ" ಎಂದ.
"ಏನ್ ಕೇಳ್ತಿದ್ದೆ?"
"ಆಮೇಕೇನಾಯ್ತು ಅಂತ."

ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಚೆಲುವಾ, ಆಮೇಲೆ ಏನೂ ಆಗಲಿಲ್ಲ...
ನನಗೆ ಅಷ್ಟು ಮಾತ್ರ ಬರೆಯಲಿಕ್ಕೆ ಬರುತ್ತಿದ್ದದ್ದು. ಮುಂದಿನದು ನಿನಗೆ ಮಾತ್ರ ಬರುತ್ತಿತ್ತು.

ನೆಮ್ಮದಿಯಾಗಿ ಮಲಗು ಗೆಳೆಯಾ. ನಿನ್ನ ಜೀವ ತಣ್ಣಗಿರಲಿ.