ಎಲ್ಲ ವಿಮಾನದಲ್ಲೇ ಕೊಡ್ತಾರೆ

ಅರುವತ್ತರ ದಶಕದ ಆರಂಭದ ವರ್ಷಗಳಲ್ಲಿ ನಾನು ಮಂಗಳೂರಿನ ಒಂದು ವಿಮಾನ ಕಂಪೆನಿಯ ಟಿಕೇಟು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಚೇರಿ ಕೊಡಿಯಾಲ್‌ಬೈಲಿನಲ್ಲಿ, ವಿಮಾನ ಇಳಿಯುವುದು ಬಜಪೆಯ ಗುಡ್ಡದ ಮೇಲೆ. ನೇಮಕದ ಕಾಗದದಲ್ಲಿ ಟಿಕೇಟು ಬರೆಯುವುದು ನನ್ನ ಕೆಲಸ ಎಂದಿತ್ತು. ನಿಜವಾಗಿ ನಾನು ಮಾಡುತ್ತಿದ್ದದ್ದು ಬೈಗುಳ ತಿನ್ನುವ ಕೆಲಸ. ಮುಂಬಯಿಯಿಂದ ಬಂದವರು ಮನೆ ಸೇರುವ ಮೊದಲೇ ನನ್ನ ಮೇಜಿನ ಮುಂದೆ ಹಾಜರಾಗುತ್ತಿದ್ದರು. ಕಾಫಿ ತಣ್ಣಗಿತ್ತು, ಹಿಂದಿನ ಸಾಲಿಗೆ ಅದೂ ಮುಟ್ಟಲಿಲ್ಲ, ಕಿವಿಗಿಡಲು ಹತ್ತಿ ಸಾಕಾಗಲಿಲ್ಲ, ಕಿಟಕಿಯ ಸಂದಿಯಿಂದ ಗಾಳಿ ನುಗ್ಗಿತು. ಅಲ್ಲಿಯವರೆಗೆ ನಾನು ವಿಮಾನದಲ್ಲಿ ಕೂತವನೇ ಅಲ್ಲ. ಆದರೂ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿ, ಟೈಪು ಮಾಡಿ ಮುಖ್ಯ ಕಚೇರಿಗೆ ಕಳಿಸುತ್ತಿದ್ದೆ. ವಿಷಯ ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲು ವಾಪಸು ಬರುತ್ತಿತ್ತು. ಎಷ್ಟೋ ಸಲ ಆ ಸಾಲೂ ಬರುತ್ತಿರಲಿಲ್ಲ.

ಬಂದರಿನಲ್ಲಿ ಒಣಮೆಣಸಿನ ಸಗಟು ವ್ಯಾಪಾರ ಮಾಡುತ್ತಿದ್ದ ಬ್ಯಾರಿಯೊಬ್ಬರು ನಮ್ಮ ಕಾಯಂ ಗಿರಾಕಿ. ಅವರು ಒಂದು ದಿನ ತಮ್ಮ ಟಿಕೇಟಿನ ಜೊತೆ ತಾಯಿಯ ಹೆಸರಿನಲ್ಲೂ ಒಂದು ಕೇಳಿದರು. ತಾಯಿಯನ್ನು ಅವರು ಉಮ್ಮ ಎನ್ನುತ್ತಿದ್ದರು. ಉಮ್ಮ ಹಜ್‌ಗೆ ಹೊರಟಿದ್ದರು, ಹಡಗು ಹತ್ತಬೇಕಾದದ್ದು ಮುಂಬಯಿಯಲ್ಲಿ.

"ಉಮ್ಮನಿಗೆ ಎಪ್ಪತ್ತು ದಾಟಿದೆ ಮಾರಾಯ್ರೆ. ಬಸ್ಸಿನಲ್ಲಿ ಆಗುವುದಿಲ್ಲ. ಒಂದು ಕಂಬಳಿ, ತಿನ್ನಲಿಕ್ಕೆ ಸಸ್ಯಾಹಾರದ ಪೊಟ್ಟಣ, ಇಷ್ಟು ನೀವು ನೋಡಿಕೊಳ್ಬೇಕು" ಎಂದರು.

ನಾನು ಮುಖ್ಯ ಕಚೇರಿಗೆ ಬರೆದೆ. ಈ ಸಲ ಆಶ್ಚರ್ಯವೆಂಬಂತೆ ಒಪ್ಪಿಗೆಯ ಉತ್ತರ ಬಂತು. ತರಬೇತಿಗಾಗಿ ಅದೇ ದಿನ, ಅದೇ ವಿಮಾನದಲ್ಲಿ ನನಗೂ ಮುಂಬಯಿಗೆ ಹೋಗಲಿಕ್ಕಿತ್ತು. ಹಾಗಾಗಿ ನಾನು ಬಹಳ ಧೈರ್ಯದಲ್ಲಿದ್ದೆ.

ಬಜಪೆಯಲ್ಲಿ ಸಾಮಾನಿನ ಜೊತೆ ಪ್ರಯಾಣಿಕರನ್ನೂ ತೂಗುತ್ತಿದ್ದ ಕಾಲ ಅದು. ಉಮ್ಮ ಬಿಳಿ ಬಟ್ಟೆಯನ್ನು ತಲೆತುಂಬ ಹೊದ್ದು ತಕ್ಕಡಿಯ ಮೇಲೆ ನಿಂತರು. ಕೈಯಲ್ಲಿ ಒಂದು ಬುಟ್ಟಿ. ಅದರಲ್ಲಿ ಬಾಳೆ ಎಲೆಯಲ್ಲಿ ಕಟ್ಟಿದ ಅಕ್ಕಿಯ ಒರೊಟ್ಟಿ, ಬಾಳೆಹಣ್ಣು, ಒಂದು ಉಣ್ಣೆಯ ಶಾಲು.

"ಬುಟ್ಟಿ ಒಳಗೆ ಬಿಡುವುದಿಲ್ಲ" ಎಂದೆ.

"ದಾರಿಗೆ ಬೇಕಲ್ಲ ಮಗಾ" ಎಂದರು ಅವರು ತುಳುವಿನಲ್ಲಿ.

"ಎಂತದೂ ಬೇಡ. ಎಲ್ಲ ವಿಮಾನದಲ್ಲೇ ಕೊಡ್ತಾರೆ."

ನಾನೇ ಬುಟ್ಟಿಗೆ ಚೀಟಿ ಅಂಟಿಸಿ ಸಾಮಾನಿನ ಜೊತೆ ಹಾಕಿಸಿದೆ. ಇವತ್ತಿಗೂ ನೆನಪಾದಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ವಿಮಾನ ಏರಿದ ಮೇಲೆ ಗಗನಸಖಿ ತಟ್ಟೆಯಲ್ಲಿ ಪೆಪ್ಪರಮೆಂಟು, ಹತ್ತಿ ತಂದಳು. ಹತ್ತಿ ನಮ್ಮ ಸಾಲಿನ ಹಿಂದಿನ ಸಾಲಿಗೇ ಮುಗಿಯಿತು. ಸ್ವಲ್ಪ ಹೊತ್ತಿಗೆ ಕಾಲಿನ ಹತ್ತಿರದಿಂದ ಚಳಿ ಹತ್ತಲು ಶುರುವಾಯಿತು. ವರ್ಷಗಟ್ಟಲೆ ಜನ ಹೇಳಿದ್ದ ಆ ಕಿಟಕಿಯ ಸಂದಿ ಸರಿಯಾಗಿ ಉಮ್ಮನ ಕಿವಿಯ ಪಕ್ಕದಲ್ಲೇ ಇತ್ತು. ನಾನು ಕಂಬಳಿ ಕೇಳಿದೆ.

"ಎರಡೇ ಇರುವುದು ಸರ್, ಎರಡನ್ನೂ ಕೊಟ್ಟಾಯಿತು" ಎಂದಳು ಅವಳು ಇಂಗ್ಲಿಷಿನಲ್ಲಿ.

"ನಾವು ಮೊದಲೇ ಬರೆದು ತಿಳಿಸಿದ್ದೆವಲ್ಲ?"

"ನನಗೆ ಯಾರೂ ಹೇಳಲಿಲ್ಲ."

ಅವಳ ಮುಖ ನೋಡಿದರೆ ಸುಳ್ಳು ಹೇಳಿದಂತೆ ಕಾಣಲಿಲ್ಲ. ಒಪ್ಪಿಗೆ ಬರೆದ ಮೇಲೆ ನನ್ನ ಪತ್ರ ಮುಖ್ಯ ಕಚೇರಿಯ ಯಾವುದೋ ಮೇಜಿನ ಮೇಲೇ ಉಳಿದಿರಬೇಕು.

ಆಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಊಟ ಬಂತು. ಎರಡು ಬ್ರೆಡ್ಡಿನ ನಡುವೆ ಕಂದು ಬಣ್ಣದ ಏನೋ ಒಂದು. ಉಮ್ಮ ಬ್ರೆಡ್ಡನ್ನು ಎತ್ತಿ ನೋಡಿ ಕೇಳಿದರು, "ಇದ್ರಲ್ಲಿ ಎಂತ ಉಂಟು?"

ನಾನು ಗಗನಸಖಿಯನ್ನು ಕೇಳಿದೆ. ಮಾಂಸ ಎಂದಳು. ಯಾವುದರ ಮಾಂಸ, ಹಲಾಲೋ ಅಲ್ಲವೋ ಎಂದರೆ ಅವಳಿಗೂ ಗೊತ್ತಿಲ್ಲ. ಸಸ್ಯಾಹಾರದ ಪೊಟ್ಟಣ ಮೂರೋ ನಾಲ್ಕೋ ಇದ್ದವಂತೆ, ಮುಂದಿನ ಸಾಲಿನವರು ಕೇಳಿ ತೆಗೆದುಕೊಂಡಿದ್ದರಂತೆ. ಉಮ್ಮ ಪೆಟ್ಟಿಗೆಯನ್ನು ಮೆಲ್ಲನೆ ಮುಚ್ಚಿ ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಅಭ್ಯಾಸವಿತ್ತು. ಮಗ ಮಾತ್ರ ನನ್ನ ಕಡೆ ತಿರುಗಿ, "ಒರೊಟ್ಟಿ ಎಲ್ಲಿ ಉಂಟು ಈಗ?" ಎಂದರು. ನಮ್ಮ ಕಾಲಿನ ಕೆಳಗೇ ಎಲ್ಲೋ ಇತ್ತು.

ಅಷ್ಟರಲ್ಲಿ ವಿಮಾನ ಮೋಡಕ್ಕೆ ಸಿಕ್ಕಿ ಕುಲುಕಾಡತೊಡಗಿತು. ಉಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಮುಂದಿನ ಸೀಟಿನ ಚೀಲದಲ್ಲಿ ವಾಂತಿಗೆಂದು ಕಾಗದದ ಸಂಚಿ ಇರಬೇಕು, ಇರಲಿಲ್ಲ. ನನ್ನ ಸೀಟಿನಲ್ಲೂ ಇರಲಿಲ್ಲ. ನಾನು ಬ್ರೆಡ್ಡನ್ನು ಸೀಟಿನ ಮೇಲೆ ಸುರಿದು ಖಾಲಿ ಪೆಟ್ಟಿಗೆಯನ್ನು ಅವರ ಬಾಯಿಗೆ ಹಿಡಿದೆ. ಗಗನಸಖಿ ಓಡಿ ಬಂದು ಅವರ ಬೆನ್ನು ನೀವಿದಳು, ನೀರು ಕೊಟ್ಟಳು. ಉಮ್ಮನಿಗೆ ಮೈಯೆಲ್ಲ ನಡುಕ.

ನಾಲ್ಕು ಸಾಲು ಮುಂದೆ ಗಟ್ಟಿಮುಟ್ಟಾದ ಗೃಹಸ್ಥರೊಬ್ಬರು ಕೋಟು ಹಾಕಿಕೊಂಡು, ಅದರ ಮೇಲೆ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಅವರನ್ನು ಎಬ್ಬಿಸಿ ಎಂದರೆ ಗಗನಸಖಿ ಹೆದರಿದಳು. ನನಗೆ ತಾಳ್ಮೆ ಉಳಿದಿರಲಿಲ್ಲ. ಹೋಗಿ ಕಂಬಳಿಯನ್ನು ಎಳೆದೇ ಬಿಟ್ಟೆ. ಅವರು ಎಚ್ಚತ್ತು ಯಾರು ನೀನು ಎಂದು ಗದರಿದರು.

"ಈ ಕಂಪೆನಿಯವನೇ. ಅಲ್ಲಿ ಒಬ್ಬರು ವಯಸ್ಸಾದವರು ಚಳಿಯಲ್ಲಿ ನಡುಗ್ತಾ ಇದ್ದಾರೆ" ಎಂದೆ.

ಕಂಬಳಿ ತಂದು ಉಮ್ಮನ ಕುತ್ತಿಗೆಯವರೆಗೆ ಸುತ್ತಿದೆ. ಅವರು ಕಣ್ಣು ಮುಚ್ಚಿ ಮಗನ ಹೆಗಲಿಗೆ ಒರಗಿದರು. ಮುಂಬಯಿಯಲ್ಲಿ ಇಳಿದ ಮೇಲೆ ಬುಟ್ಟಿ ಬಂತು. ನಿಲ್ದಾಣದ ಗೋಡೆಯ ಪಕ್ಕ ಕೂತು ಉಮ್ಮ ಒರೊಟ್ಟಿ ಮುರಿದು ನನಗೂ ಒಂದು ತುಂಡು ಕೊಟ್ಟರು. "ನೀನೂ ಎಂತದೂ ತಿನ್ಲಿಲ್ಲ" ಎಂದರು.

ತರಬೇತಿ ಮುಗಿಸಿ ಬರುವಷ್ಟರಲ್ಲಿ ನನ್ನ ಮೇಜಿನ ಮೇಲೆ ಮೆಮೋ ಕಾದಿತ್ತು. ಕೋಟಿನ ಗೃಹಸ್ಥರು ಕೊಟ್ಟ ದೂರು. ನಾನು ಕಳಿಸಿದ ಅಷ್ಟು ವರ್ಷಗಳ ದೂರಿನಲ್ಲಿ ಒಂದಕ್ಕೂ ಇಷ್ಟು ಬೇಗ ಕ್ರಮವಾಗಿರಲಿಲ್ಲ. ಪ್ರಯಾಣಿಕರೊಡನೆ ಅನುಚಿತವಾಗಿ ನಡೆದುಕೊಂಡದ್ದಕ್ಕೆ ವಿವರಣೆ ಕೊಡಬೇಕಂತೆ. ನಾನು ಎರಡು ಪುಟ ಬರೆದೆ. ಕಂಬಳಿ, ಸಂಚಿ, ಹತ್ತಿ, ಮಾಂಸ ಒಂದನ್ನೂ ಬಿಡಲಿಲ್ಲ. ಇನ್ನು ಮುಂದೆ ಎಚ್ಚರಿಕೆಯಿಂದ ಇರತಕ್ಕದ್ದು ಎಂದು ಉತ್ತರ ಬಂತು. ಕಂಬಳಿಯ ಸುದ್ದಿಯೇ ಇರಲಿಲ್ಲ.

ಕೆಲವು ತಿಂಗಳ ನಂತರ ವ್ಯಾಪಾರಿ ಖರ್ಜೂರದ ಪೊಟ್ಟಣ ಹಿಡಿದು ಬಂದರು. ಉಮ್ಮ ಕ್ಷೇಮವಾಗಿ ಮರಳಿದ್ದರು. ಹಡಗಿನಲ್ಲಿ ಎಂತದೂ ತೊಂದರೆ ಆಗಲಿಲ್ಲವಂತೆ. ಮುಂಬಯಿಯಿಂದ ಊರಿಗೆ ಮಾತ್ರ ವಿಮಾನ ಬೇಡವೇ ಬೇಡ ಎಂದು ಬಸ್ಸಿನಲ್ಲೇ ಬಂದರಂತೆ.

ಅಂದಿನಿಂದ ಟಿಕೇಟು ಕೊಡುವಾಗ ನಾನು ಪ್ರತಿಯೊಬ್ಬರಿಗೂ ಹೇಳತೊಡಗಿದೆ: ಶಾಲು ಕೈಯಲ್ಲೇ ಇಟ್ಟುಕೊಳ್ಳಿ, ತಿಂಡಿ ಮನೆಯಿಂದಲೇ ಕಟ್ಟಿಕೊಳ್ಳಿ, ಒಂದು ಲಿಂಬೆಹಣ್ಣು ಇರಲಿ. ನಮ್ಮ ಮೇನೇಜರು ಒಮ್ಮೆ ಕೇಳಿಸಿಕೊಂಡು, "ನೀನು ಎಂತ ಟಿಕೇಟು ಮಾರುವುದಾ, ಜನರನ್ನು ಓಡಿಸುವುದಾ?" ಎಂದರು.

"ಅವರು ವಾಪಸು ಬಂದು ಬೈಯುವುದು ನಿಮ್ಮನ್ನಲ್ಲ ಸಾರ್" ಎಂದೆ.

ಅವರು ಒಳಗೆ ಹೋದರು. ನಾನು ಮುಂದಿನವರಿಗೆ ಟಿಕೇಟು ಬರೆದೆ.