ನಂದು ಆಮ್ಯಾಲ

ಸಂಜೆ ನಾಲ್ಕೂ ಮುಕ್ಕಾಲಿಗೆ ರೋಣದ ಶಾಲಾ ಮೈದಾನದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಖೋ ಖೋ ಕಂಬಕ್ಕೆ ಹಣೆ ಬಡಿದು ಬಿದ್ದಳು. ಯಾರೂ ದೂಡಿರಲಿಲ್ಲ, ಓಡುತ್ತಿದ್ದವಳಿಗೆ ಕಣ್ಣು ಕತ್ತಲೆ ಬಂದಿತ್ತು. ಕಾಲೇಜಿನಿಂದ ಬರುತ್ತಿದ್ದ ನಾನೇ ಅವಳನ್ನು ಎತ್ತಿಕೊಂಡೆ. ನನ್ನ ಕೈಯೆಲ್ಲ ರಕ್ತ.

ದುಪಟ್ಟಾ ಸೊಂಟಕ್ಕೆ ಬಿಗಿದು ಅವಳು ಓಡಿದರೆ ಹುಡುಗರೂ ತಮ್ಮ ಆಟ ಬಿಟ್ಟು ನೋಡುತ್ತಿದ್ದರು. ಮನೆಯಲ್ಲಿ ಮಾತ್ರ ಹಾಲು, ಮೊಟ್ಟೆ ಎಲ್ಲ ತಮ್ಮನಿಗೆ, ಆಡುವ ಹುಡುಗನೆಂದು. ಊಟಕ್ಕೆ ಕರೆದರೆ ಅವಳದು ಒಂದೇ ಮಾತು: "ನಂದು ಆಮ್ಯಾಲ."

ದವಾಖಾನೆಯಲ್ಲಿ ಡಾಕ್ಟರು ಕೇಳಿದರು, "ಮಧ್ಯಾಹ್ನ ಏನ್ ಉಂಡಿಯವ್ವಾ?"

"ತಮ್ಮ ಉಂಡಾನ್ರಿ."

ಹೊಲಿಗೆ ಹಾಕಿಸಿ ಕರೆತಂದ ಅವಳವ್ವ, "ಇನ್ನ ಆಟ ಸಾಕು," ಎಂದಳು. ಊಟದ ಮಾತು ಯಾರೂ ಎತ್ತಲಿಲ್ಲ. ಮರುದಿನ ತಮ್ಮ ಆಡಲು ಹೋದ. ಈಗಲೂ ಆ ಮೈದಾನ ಹಾಯುವಾಗ ಅವಳ ಓಟವನ್ನು ಇನ್ನೊಮ್ಮೆ ನೋಡಬೇಕೆನ್ನಿಸುತ್ತದೆ. ಅವಳ ಹಣೆ ಕಂಬಕ್ಕೆ ಬಡಿದ ಸಪ್ಪಳ ಕನಸಿನಲ್ಲಿ ಕೇಳಿ ವರ್ಷಗಟ್ಟಲೆ ನನಗೆ ರಾತ್ರಿ ಎಚ್ಚರವಾಗುತ್ತಿತ್ತು.

ಈ ಚಳಿಗಾಲದಲ್ಲಿ ನರಗುಂದದ ಅವಳ ಗಂಡನ ಮನೆಗೆ ಹೋಗಿದ್ದೆ. ಹಣೆಯ ಗೆರೆ ಹಾಗೇ ಇತ್ತು. ಮೈದಾನಕ್ಕೆ ಹೊರಟಿದ್ದ ಮಗಳನ್ನು ತಡೆದು ರೊಟ್ಟಿ, ಮೊಟ್ಟೆ ಮುಂದಿಟ್ಟಳು.

"ಅಣ್ಣ ಇನ್ನಾ ಉಂಡಿಲ್ಲ," ಎಂದಳು ಹುಡುಗಿ.

"ಅವಂದು ಆಮ್ಯಾಲ. ನೀ ಉಣ್ಣು."

ಅಂದು ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ.